ಶನಿವಾರದ ಊರು, ಸೋಮವಾರದ ಊರು: ಅಮೆರಿಕದ ಕಾಲೇಜ್ ಫುಟ್‌ಬಾಲ್ ಪಟ್ಟಣಗಳಲ್ಲಿ ನಿಮಗೆ ಹೊಂದುವುದು ಯಾವುದು?

"ಪೆನ್ ಸ್ಟೇಟ್‌ನಲ್ಲಿ ಸೀಟು ಸಿಕ್ಕಿದೆ, ಪರ್ಡ್ಯೂನಲ್ಲೂ ಸಿಕ್ಕಿದೆ, ಒಹಾಯೊ ಸ್ಟೇಟ್‌ನವರೂ ಕರೆದಿದ್ದಾರೆ. ಯಾವುದಕ್ಕೆ ಹೋಗಲಿ?" ಮಾರ್ಚ್ ಬಂತೆಂದರೆ ಇಂಥ ಪ್ರಶ್ನೆಗಳು ಶುರು. ಫಂಡಿಂಗ್ ಇರುವ ಪಿಎಚ್‌ಡಿ ಆಫರ್‌ಗಳಿಗೆ ಸಾಮಾನ್ಯವಾಗಿ ಏಪ್ರಿಲ್ 15ರೊಳಗೆ ಉತ್ತರ ಹೇಳಬೇಕು. ಹಾಗಾಗಿ ಕೊನೆಯ ಎರಡು ವಾರ ಎಲ್ಲರಿಗೂ ತಳಮಳ. ರ‍್ಯಾಂಕಿಂಗ್ ನೋಡಿ ಮುಗಿದಿರುತ್ತದೆ, ಫೀಸಿನ ಲೆಕ್ಕವೂ ಆಗಿರುತ್ತದೆ. ಆಮೇಲೆ ಊರು ಹೇಗಿದೆ ಎಂದು ಹುಡುಕಿದರೆ ಒಂದು ವಿಚಿತ್ರ ಎದುರಾಗುತ್ತದೆ. ಪೆನ್ ಸ್ಟೇಟ್ ಇರುವ ಸ್ಟೇಟ್ ಕಾಲೇಜ್ ಎಂಬ ಊರಿನ ಜನಸಂಖ್ಯೆ 2020ರ ಗಣತಿಯಲ್ಲಿ 40,501. ಪೆನ್ ಸ್ಟೇಟ್‌ನ ಫುಟ್‌ಬಾಲ್ ಮೈದಾನವಾದ ಅಲ್ಲಿನ ಬೀವರ್ ಸ್ಟೇಡಿಯಂನಲ್ಲಿ ಕೂರುವವರು 1 ಲಕ್ಷ 6 ಸಾವಿರಕ್ಕೂ ಹೆಚ್ಚು.

ಇದನ್ನು ನೋಡಿದವರಲ್ಲಿ ಕೆಲವರು ಹೆದರುತ್ತಾರೆ, ಕೆಲವರು ಖುಷಿಪಡುತ್ತಾರೆ. ನನ್ನ ಮಾತು ಇಷ್ಟೇ: ಆ ಎರಡೂ ಸಂಖ್ಯೆಗಳಿಂದ ಊರು ಆರಿಸುವುದಕ್ಕೆ ಹೆಚ್ಚು ಸಹಾಯವಾಗದು. ಆರಿಸಲು ಬೇಕಾದ ಸಂಖ್ಯೆಗಳೇ ಬೇರೆ.

ಮೊದಲು ಅಳತೆಗೋಲು

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಾಟವಲ್ಲ, ಅಮೆರಿಕನ್ ಫುಟ್‌ಬಾಲ್. ಕಾಲೇಜ್ ಫುಟ್‌ಬಾಲ್ ಸೀಸನ್ ಆಗಸ್ಟ್ ಕೊನೆಗೆ ಶುರುವಾಗಿ ನವೆಂಬರ್ ಕೊನೆಯವರೆಗೆ ನಡೆಯುತ್ತದೆ. ಒಂದು ತಂಡಕ್ಕೆ ಹನ್ನೆರಡು ಪಂದ್ಯ, ಅದರಲ್ಲಿ ತವರಿನಲ್ಲಿ ಆಡುವುದು ಹೆಚ್ಚುಕಡಿಮೆ ಏಳು, ಅದೂ ಬಹುತೇಕ ಶನಿವಾರ. ಅಂದರೆ ಸ್ಟೇಡಿಯಂ ತುಂಬಿ ಊರು ಉಕ್ಕುವುದು ವರ್ಷಕ್ಕೆ ಏಳು ದಿನ. ಉಳಿದ ದಿನಗಳಲ್ಲಿ ನೀವು ಬಾಳಬೇಕಾದದ್ದು ಸೋಮವಾರದ ಊರಿನಲ್ಲಿ.

ಆದ್ದರಿಂದ ಸ್ಟೇಡಿಯಂಗೂ ಊರಿಗೂ ಇರುವ ಪ್ರಮಾಣವನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ವಿದ್ಯಾರ್ಥಿಗಳಿಗೂ ಊರಿಗೂ ಇರುವ ಪ್ರಮಾಣ. ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಿದ್ಯಾರ್ಥಿಗಳೇ ಆಗಿದ್ದರೆ ಮನೆ ಬಾಡಿಗೆಯ ಕ್ಯಾಲೆಂಡರ್, ಬಸ್ಸಿನ ವೇಳಾಪಟ್ಟಿ, ಹೋಟೆಲು ತೆರೆದಿರುವ ಹೊತ್ತು, ಎಲ್ಲವೂ ಸೆಮಿಸ್ಟರ್‌ಗೆ ಕಟ್ಟಿಕೊಂಡಿರುತ್ತವೆ. ಎರಡನೆಯದು, ಊರಿನ ಗಡಿ ದಾಟಿ ಒಂದು ಗಂಟೆ ಕಾರು ಓಡಿಸಿದರೆ ಎಷ್ಟು ಜನ ವಾಸಿಸುವ ಪ್ರದೇಶ ಸಿಗುತ್ತದೆ ಎಂಬುದು. ಕೆಲಸ, ಇಂಡಿಯನ್ ಸ್ಟೋರ್, ದೇವಸ್ಥಾನ, ಕನ್ನಡ ಕೂಟ, ನೇರ ವಿಮಾನ, ಎಲ್ಲಕ್ಕೂ ಇದೇ ಆಧಾರ. ಮೂರನೆಯದು, ಕಾರಿಲ್ಲದೆ ಬದುಕಬಹುದೇ ಎಂಬುದು. ಹೊಸದಾಗಿ ಹೋದವರಿಗೆ ಮೊದಲ ವರ್ಷ ಕಾರು ಇರುವುದಿಲ್ಲ. ಇನ್ನು ಬಜೆಟ್ಟಂತೂ ಎಲ್ಲದರ ಬೆನ್ನಿಗೂ ಇದ್ದೇ ಇದೆ.

ಜನಸಂಖ್ಯೆಯ ಅಂಕಿಯನ್ನು ನಂಬುವ ಮುನ್ನ

ವಿಕಿಪೀಡಿಯದಲ್ಲಿ ಕಾಣುವ ಅಂಕಿ ಸಾಮಾನ್ಯವಾಗಿ ನಗರಾಡಳಿತದ ಗಡಿಯೊಳಗಿನ ಲೆಕ್ಕ. ಕಾಲೇಜ್ ಊರುಗಳಲ್ಲಿ ಈ ಗಡಿ ಬಹಳ ತಮಾಷೆಯದು. ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಕ್ಯಾಂಪಸ್ಸು ಕ್ಲೆಮ್ಸನ್ ನಗರದ ಗಡಿಯ ಹೊರಗಿದೆ. ಗಣತಿಯವರು ಅದನ್ನು ಪ್ರತ್ಯೇಕ ಜಾಗವಾಗಿ ಎಣಿಸುತ್ತಾರೆ. ಇಂಡಿಯಾನಾದ ನೋಟರ್ ಡೇಮ್ ಕೂಡ ಹಾಗೆಯೇ, ಸೌತ್ ಬೆಂಡ್ ನಗರದ ಪಕ್ಕದಲ್ಲಿದೆ, ಒಳಗಿಲ್ಲ. ಪರ್ಡ್ಯೂ ಇರುವ ವೆಸ್ಟ್ ಲಫಾಯೆಟ್‌ನ ಜನಸಂಖ್ಯೆ 2010ರಲ್ಲಿ 29,596 ಇದ್ದದ್ದು 2020ಕ್ಕೆ 44,595 ಆಯಿತು. ಹತ್ತು ವರ್ಷದಲ್ಲಿ ಊರು ಒಂದೂವರೆ ಪಟ್ಟು ಬೆಳೆಯಿತೆಂದು ತಿಳಿದರೆ ತಪ್ಪು. ನಡುವೆ ನಗರಾಡಳಿತ ತನ್ನ ಗಡಿ ಹಿಗ್ಗಿಸಿ ಕ್ಯಾಂಪಸ್ಸಿನ ದೊಡ್ಡ ಭಾಗವನ್ನು ಒಳಗೆ ಸೇರಿಸಿಕೊಂಡಿತು, ಅದೇ ಮುಖ್ಯ ಕಾರಣ.

ಇನ್ನೊಂದು ತೊಡಕು 2020ರದ್ದೇ. ವಿದ್ಯಾರ್ಥಿಯನ್ನು ಅಪ್ಪ-ಅಮ್ಮನ ಊರಿನಲ್ಲಲ್ಲ, ಓದುವ ಊರಿನಲ್ಲಿ ಎಣಿಸಬೇಕೆಂಬುದು ಅಮೆರಿಕದ ಗಣತಿಯ ನಿಯಮ. ಎಣಿಕೆಯ ದಿನ ಏಪ್ರಿಲ್ 1. ಆದರೆ ಆ ವರ್ಷ ಮಾರ್ಚ್‌ನಲ್ಲೇ ಕೋವಿಡ್‌ನಿಂದಾಗಿ ಕ್ಯಾಂಪಸ್ಸುಗಳು ಖಾಲಿಯಾಗಿದ್ದವು. ಹಾಸ್ಟೆಲಿನವರ ಲೆಕ್ಕ ವಿಶ್ವವಿದ್ಯಾಲಯಗಳಿಂದ ಸಿಕ್ಕಿತು, ಹೊರಗೆ ಬಾಡಿಗೆಗಿದ್ದವರ ಲೆಕ್ಕ ಸಡಿಲವಾಯಿತು. ಸ್ಟೇಟ್ ಕಾಲೇಜ್‌ನ ಅಂಕಿ 2010ರ 42,034ಕ್ಕಿಂತ ಕೆಳಗಿಳಿಯಿತು. ಅಲಬಾಮಾದ ಟಸ್ಕಲೂಸಾಕ್ಕೆ 99,600 ಎಂದು ಬಂದಾಗ ನಗರದವರು ತಕರಾರು ತೆಗೆದರು. ಲಕ್ಷಕ್ಕೆ ನಾನೂರು ಕಡಿಮೆ ಎಂದರೆ ಯಾವ ಮೇಯರ್ ಸುಮ್ಮನಿರುತ್ತಾರೆ?

ಹಾಗಾಗಿ ನಗರದ ಅಂಕಿಯ ಜೊತೆ ಮೆಟ್ರೊ ಪ್ರದೇಶದ, ಅಂದರೆ ನಗರ ಮತ್ತು ಅದಕ್ಕೆ ಹೊಂದಿಕೊಂಡ ಸುತ್ತಲಿನ ಊರುಗಳೆಲ್ಲ ಸೇರಿದ, ಅಂಕಿಯನ್ನೂ ನೋಡಿ. ಕ್ಲೆಮ್ಸನ್ ಇದಕ್ಕೆ ಒಳ್ಳೆಯ ಉದಾಹರಣೆ. ನಗರದಲ್ಲಿ 17,681 ಜನ, ಸ್ಟೇಡಿಯಂನಲ್ಲಿ 81 ಸಾವಿರಕ್ಕೂ ಹೆಚ್ಚು ಸೀಟು. ಇಷ್ಟೇ ಓದಿದರೆ ಕಾಡಿನ ನಡುವಿನ ಊರು ಅನ್ನಿಸುತ್ತದೆ. ಆದರೆ ಅದು ಸೇರಿರುವ ಗ್ರೀನ್‌ವಿಲ್ ಮೆಟ್ರೊ ಪ್ರದೇಶದಲ್ಲಿ 9 ಲಕ್ಷ ದಾಟಿದ ಜನರಿದ್ದಾರೆ. ಬಿಎಂಡಬ್ಲ್ಯುವಿನ ದೊಡ್ಡ ಕಾರ್ಖಾನೆ ಗ್ರೀನ್‌ವಿಲ್‌ಗೆ ಹತ್ತಿರದ ಸ್ಪಾರ್ಟನ್‌ಬರ್ಗ್ ಕಡೆ ಇದೆ. ಅಟ್ಲಾಂಟಾ ಎರಡು ಗಂಟೆಯ ದಾರಿ. ಸ್ಟೇಟ್ ಕಾಲೇಜ್‌ಗೆ ಈ ಭಾಗ್ಯವಿಲ್ಲ. ಅದರ ಇಡೀ ಮೆಟ್ರೊ ಎಂದರೆ ಸೆಂಟರ್ ಕೌಂಟಿ, ಅಲ್ಲಿರುವವರು ಸುಮಾರು 1.58 ಲಕ್ಷ. ಅದರಾಚೆ ಬೆಟ್ಟಗಳು.

ಇಷ್ಟು ಪುಟ್ಟ ಊರಲ್ಲಿ ಅಷ್ಟು ದೊಡ್ಡ ಸ್ಟೇಡಿಯಂ ಯಾಕೆ?

ಚುಟುಕಾಗಿ ಹೇಳುತ್ತೇನೆ. ಪೆನ್ ಸ್ಟೇಟ್ 1855ರಲ್ಲಿ ರೈತರ ಮಕ್ಕಳಿಗಾಗಿ ಹುಟ್ಟಿದ ಶಾಲೆ. 1862ರ ಮೊರಿಲ್ ಕಾಯ್ದೆಯ ಮೂಲಕ ಕೇಂದ್ರ ಸರ್ಕಾರವು ಕೃಷಿ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗಾಗಿ ರಾಜ್ಯಗಳಿಗೆ ಜಮೀನು ಕೊಟ್ಟಿತು. ಪರ್ಡ್ಯೂ, ಟೆಕ್ಸಸ್ ಎ ಅಂಡ್ ಎಂ, ಇಲಿನಾಯ್ ಎಲ್ಲವೂ ಆ ಸಾಲಿನವು. ಜಮೀನು ಬೇಕು, ಹೊಲ ಬೇಕು, ಪಟ್ಟಣದ ಚಟಗಳಿಂದ ಹುಡುಗರು ದೂರ ಇರಬೇಕು ಎಂಬ ಕಾರಣಗಳಿಂದ ಹಲವು ಕಾಲೇಜುಗಳು ರಾಜ್ಯದ ನಡುವಿನ ಹಳ್ಳಿಗಾಡಿಗೆ ಹೋದವು. ಸುತ್ತಮುತ್ತ ವೃತ್ತಿಪರ ತಂಡ ಇಲ್ಲದ ಕಡೆ ಇಡೀ ರಾಜ್ಯದ ಅಭಿಮಾನ ಕಾಲೇಜ್ ತಂಡದ ಮೇಲೆ ನಿಂತಿತು. ಅದಕ್ಕೇ ಸ್ಟೇಡಿಯಂ ಕಟ್ಟಿದ್ದು ಊರಿನ ಅಳತೆಗಲ್ಲ, ರಾಜ್ಯದ ಅಳತೆಗೆ. ಈಗ ಅಮೆರಿಕದಲ್ಲಿ ಲಕ್ಷ ಮೀರಿದ ಸೀಟುಗಳ ಕಾಲೇಜ್ ಫುಟ್‌ಬಾಲ್ ಸ್ಟೇಡಿಯಂಗಳು ಎಂಟಿವೆ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಯಾವ ತಂಡದ ಸ್ಟೇಡಿಯಂಗೂ ಕಾಯಂ ಆಗಿ ಅಷ್ಟು ಸೀಟಿಲ್ಲ.

ಐವತ್ತು ಸಾವಿರದೊಳಗಿನ ಊರುಗಳು

ಸ್ಟೇಟ್ ಕಾಲೇಜ್, ವೆಸ್ಟ್ ಲಫಾಯೆಟ್, ವರ್ಜೀನಿಯಾದ ಬ್ಲ್ಯಾಕ್ಸ್‌ಬರ್ಗ್ (44,826), ವಾಷಿಂಗ್ಟನ್ ರಾಜ್ಯದ ಪುಲ್‌ಮನ್ (32,901), ಮಿಸಿಸಿಪ್ಪಿಯ ಆಕ್ಸ್‌ಫರ್ಡ್ (25,416), ಮೇಲೆ ಹೇಳಿದ ಕ್ಲೆಮ್ಸನ್. ಪುಲ್‌ಮನ್‌ನಲ್ಲಿ ಊರಿನ ಜನಸಂಖ್ಯೆಯೂ ಸ್ಟೇಡಿಯಂ ಸೀಟೂ ಹೆಚ್ಚುಕಡಿಮೆ ಒಂದೇ, 33 ಸಾವಿರದ ಆಸುಪಾಸು.

ಇವುಗಳ ಗುಣದೋಷ ತಿಳಿಯಲು ಸೋಮವಾರದ ಲೆಕ್ಕ ಸಾಕು. ಪರ್ಡ್ಯೂನಲ್ಲಿ ಓದುವವರು 50 ಸಾವಿರ ಮೀರಿದ್ದಾರೆ, ಊರಿನ ಜನಸಂಖ್ಯೆಗಿಂತ ಜಾಸ್ತಿ. ಪೆನ್ ಸ್ಟೇಟ್‌ನಲ್ಲೂ ಅದೇ ಕಥೆ. ಎಷ್ಟೋ ವಿದ್ಯಾರ್ಥಿಗಳು ಗಡಿಯಾಚೆ ಬಾಡಿಗೆಗಿರುವುದರಿಂದ ಈ ಲೆಕ್ಕ ಸಾಧ್ಯ. ಇಂಥ ಊರಲ್ಲಿ ನಿಮ್ಮ ವಯಸ್ಸಿನವರು, ನಿಮ್ಮಂತೆಯೇ ಹೊಸದಾಗಿ ಬಂದವರು ಎಲ್ಲೆಲ್ಲೂ ಇರುತ್ತಾರೆ. ಕ್ಯಾಂಪಸ್ ಬಸ್ಸು ಸಿಗುತ್ತದೆ, ಬಹುತೇಕ ಎಲ್ಲವೂ ನಡೆದು ಹೋಗುವ ದೂರ. ರಾತ್ರಿ ಲ್ಯಾಬಿನಿಂದ ಮನೆಗೆ ಬರಲು ಯೋಚನೆ ಮಾಡಬೇಕಿಲ್ಲ. ಕಾರಿಲ್ಲದ ಮೊದಲ ವರ್ಷಕ್ಕೆ ಇದಕ್ಕಿಂತ ಸುಲಭದ ಜಾಗವಿಲ್ಲ ಎಂದೇ ನಾನು ಹೇಳುವುದು.

ಕಷ್ಟ ಶುರುವಾಗುವುದು ಮೇ ಮಧ್ಯದಲ್ಲಿ. ಸೆಮಿಸ್ಟರ್ ಮುಗಿದೊಡನೆ ಅಮೆರಿಕದ ವಿದ್ಯಾರ್ಥಿಗಳು ಮನೆಗೆ ಹೊರಡುತ್ತಾರೆ. ಬಸ್ಸು ಕಡಿಮೆಯಾಗುತ್ತದೆ, ಕೆಲವು ಹೋಟೆಲುಗಳು ಬೇಗ ಮುಚ್ಚುತ್ತವೆ. ಊರಿಗೆ ಹೋಗದೆ ಉಳಿದವರು ನಮ್ಮವರು, ಚೀನಾದವರು, ಪಿಎಚ್‌ಡಿಯವರು. ಡಿಸೆಂಬರ್ ರಜೆಯಲ್ಲಿ ಹಿಮದ ಜೊತೆ ಇನ್ನಷ್ಟು ಖಾಲಿ. ಆದರೆ ಇದರಲ್ಲೊಂದು ಲಾಭವೂ ಇದೆ. ಬಾಡಿಗೆ ಕರಾರು ಆಗಸ್ಟ್‌ನಿಂದ ಆಗಸ್ಟ್‌ವರೆಗೆ ಹನ್ನೆರಡು ತಿಂಗಳಿಗೆ ಇರುವುದರಿಂದ ಬೇಸಿಗೆಯಲ್ಲಿ ಮನೆ ಬಿಟ್ಟು ಹೋಗುವವರು ಸಬ್‌ಲೀಸ್‌ಗೆ (ಒಳಬಾಡಿಗೆಗೆ) ಅರ್ಧ ಬೆಲೆಗೂ ಕೊಡುತ್ತಾರೆ. ಜೂನ್‌ನಲ್ಲಿ ಹುಡುಕುವವನಿಗೆ ಸುಗ್ಗಿ. ಅದೇ ಮನೆಯನ್ನು ಮುಂದಿನ ಆಗಸ್ಟ್‌ಗೆ ಬೇಕೆಂದರೆ ಹಿಂದಿನ ಅಕ್ಟೋಬರ್-ನವೆಂಬರ್‌ನಲ್ಲೇ ಸಹಿ ಹಾಕಬೇಕಾಗಬಹುದು. ಭಾರತದಿಂದ ಹೊಸದಾಗಿ ಹೊರಡುವವರಿಗೆ ಆಗ ಅಡ್ಮಿಟ್ ಕೂಡ ಬಂದಿರುವುದಿಲ್ಲ. ಹಾಗಾಗಿ ಉಳಿದದ್ದರಲ್ಲಿ ಆರಿಸಬೇಕು, ಇಲ್ಲವೇ ಸೀನಿಯರ್‌ಗಳ ವಾಟ್ಸ್ಯಾಪ್ ಗುಂಪಿನಲ್ಲಿ ರೂಮ್‌ಮೇಟ್ ಆಗಿ ಸೇರಿಕೊಳ್ಳಬೇಕು.

ಈ ಗುಂಪಿನೊಳಗೂ ಒಂದೇ ಸಮ ಇಲ್ಲ. ಬಜೆಟ್ ನೋಡುವವರಿಗೆ ವೆಸ್ಟ್ ಲಫಾಯೆಟ್ ಒಂದು ಕೈ ಮೇಲು. ವಬಾಶ್ ನದಿ ದಾಟಿದರೆ 70 ಸಾವಿರ ಜನರ ಲಫಾಯೆಟ್ ಇದೆ. ಕಾರ್ಖಾನೆ ಕೆಲಸದವರ ಊರು ಅದು, ಬಾಡಿಗೆ ಕಡಿಮೆ, ಎರಡೂ ದಡಕ್ಕೆ ಒಂದೇ ಸಿಟಿ ಬಸ್. ಪರ್ಡ್ಯೂ ಹತ್ತು ವರ್ಷಕ್ಕೂ ಮೀರಿ ಟ್ಯೂಷನ್ ಫೀಸ್ ಏರಿಸದೆ ಬಂದಿದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಇಂಡಿಯಾನಾಪೊಲಿಸ್ ಒಂದು ಗಂಟೆಯ ದಾರಿ, ಶಿಕಾಗೊ ಎರಡು ಗಂಟೆಗೆ ಚೂರು ಮೇಲೆ, ಎರಡು ವಿಮಾನ ನಿಲ್ದಾಣಗಳಿಗೂ ಶಟಲ್ ಬಸ್ ಇದೆ. ಸ್ಟೇಟ್ ಕಾಲೇಜ್ ನೋಡಲು ಇನ್ನೂ ಚೆಂದ, ಬೆಟ್ಟ, ಕಾಡು, ನಡೆದಾಡಲು ಒಳ್ಳೆಯ ಪೇಟೆಬೀದಿ. ಆದರೆ ಕ್ಯಾಂಪಸ್ಸಿಗೆ ಅಂಟಿದ ಮನೆಗಳು ದುಬಾರಿ. ಪಿಟ್ಸ್‌ಬರ್ಗ್‌ಗೆ ಎರಡೂವರೆ ಮೂರು ಗಂಟೆ, ಫಿಲಡೆಲ್ಫಿಯಾಕ್ಕೆ ಮೂರು ಗಂಟೆಗೂ ಹೆಚ್ಚು. ಪಿಟ್ಸ್‌ಬರ್ಗ್ ಬಳಿಯ ಪೆನ್ ಹಿಲ್ಸ್‌ನಲ್ಲಿ 1970ರ ದಶಕದ ವೆಂಕಟೇಶ್ವರ ದೇವಸ್ಥಾನ ಇದೆ. ಸ್ಟೇಟ್ ಕಾಲೇಜ್‌ನಿಂದ ಹೋಗಿಬರಲು ಒಂದು ಪೂರ್ತಿ ದಿನ ಎತ್ತಿಡಬೇಕು. ಬ್ಲ್ಯಾಕ್ಸ್‌ಬರ್ಗ್‌ನಿಂದ ವಾಷಿಂಗ್ಟನ್ ಡಿಸಿಗೆ ನಾಲ್ಕು ಗಂಟೆ ಹಿಡಿಯುತ್ತದೆ. ಪುಲ್‌ಮನ್ ಅತ್ಯಂತ ಒಂಟಿ, ಅಲ್ಲಿಂದ ಸ್ಪೊಕೇನ್ 75 ಮೈಲಿ.

ಪುಟ್ಟ ಊರಿಗೆ ಹೋದರೆ ಕೆಲಸ ಸಿಗುವುದಿಲ್ಲ ಎಂಬ ಭಯವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಓದು ಮುಗಿದ ಮೇಲಿನ ಪೂರ್ಣಾವಧಿ ಕೆಲಸಕ್ಕೆ ಕಂಪನಿಗಳೇ ಕ್ಯಾಂಪಸ್ಸಿಗೆ ಬರುತ್ತವೆ. ಪರ್ಡ್ಯೂನ ಎಂಜಿನಿಯರಿಂಗ್ ಜಾಬ್ ಫೇರ್‌ಗೆ ದೇಶದ ಮೂಲೆಮೂಲೆಯಿಂದ ಬರುತ್ತಾರೆ. ಊರಿನ ಗಾತ್ರ ಅಲ್ಲಿ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಸೆಮಿಸ್ಟರ್ ನಡುವೆ ಅಲ್ಲೇ ಹತ್ತಿರ ಇಂಟರ್ನ್‌ಶಿಪ್ ಮಾಡುತ್ತೇನೆ ಎನ್ನುವವರಿಗೆ. ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿ ಮೊದಲ ವರ್ಷ ಕ್ಯಾಂಪಸ್ಸಿನ ಹೊರಗೆ ದುಡಿಯುವಂತಿಲ್ಲ. ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಮಾತ್ರ. ಆ 20 ಗಂಟೆಯ ಕೆಲಸಕ್ಕೆ ಪುಟ್ಟ ಊರಿನಲ್ಲಿ ಎಲ್ಲರೂ ಮುಗಿಬೀಳುತ್ತಾರೆ, ಬೇರೆ ದಾರಿಯೇ ಇಲ್ಲವಲ್ಲ.

ಲಕ್ಷದ ಆಸುಪಾಸು

ಮಿಶಿಗನ್ನಿನ ಆ್ಯನ್ ಆರ್ಬರ್‌ನಲ್ಲಿ 1,23,851 ಜನ. ಟೆಕ್ಸಸ್‌ನ ಕಾಲೇಜ್ ಸ್ಟೇಷನ್‌ನಲ್ಲಿ 1,20,511. ಜಾರ್ಜಿಯಾದ ಅಥೆನ್ಸ್‌ನಲ್ಲಿ 1,27,315. ಇಲಿನಾಯ್‌ನ ಶಾಂಪೇನ್ ಮತ್ತು ಅರ್ಬಾನಾ ಎರಡನ್ನೂ ಸೇರಿಸಿದರೆ ಸುಮಾರು 1.27 ಲಕ್ಷ. ಕಾಗದದ ಮೇಲೆ ನಾಲ್ಕೂ ಒಂದೇ ತೂಕ. ಇಲ್ಲಿಯೇ ಜನಸಂಖ್ಯೆಯ ಅಂಕಿ ಹೆಚ್ಚು ದಾರಿ ತಪ್ಪಿಸುವುದು.

ಆ್ಯನ್ ಆರ್ಬರ್‌ನ ಸ್ಟೇಡಿಯಂ 1,07,601 ಸೀಟಿನದು. 1975ರ ನವೆಂಬರ್‌ನಿಂದ ಈಚೆಗೆ, ಕೋವಿಡ್ ವರ್ಷ ಬಿಟ್ಟರೆ, ಅಲ್ಲಿನ ಪ್ರತಿ ಪಂದ್ಯಕ್ಕೂ ಲಕ್ಷ ಮೀರಿದ ಜನ ಬಂದಿದ್ದಾರೆ. ಪಂದ್ಯದ ಬೆಳಿಗ್ಗೆ ಸ್ಟೇಡಿಯಂ ಪಕ್ಕದ ಮನೆಯವರು ತಮ್ಮ ಹುಲ್ಲುಹಾಸಿನ ಮೇಲೆ ಕಾರು ನಿಲ್ಲಿಸಿಕೊಂಡು ದುಡ್ಡು ಎಣಿಸುತ್ತಾರೆ. ಆದರೆ ಈ ಊರಿನ ನಿಜವಾದ ಬಲ ಡೆಟ್ರಾಯಿಟ್. ಡೆಟ್ರಾಯಿಟ್ ವಿಮಾನ ನಿಲ್ದಾಣ ಅರ್ಧ ಗಂಟೆ. ಕ್ಯಾಂಟನ್, ನೊವೈ ಕಡೆ ಆಟೊಮೊಬೈಲ್ ಕೆಲಸದ ಭಾರತೀಯ ಕುಟುಂಬಗಳು ದಟ್ಟವಾಗಿವೆ, ಆ ಭಾಗದ ಪಂಪ ಕನ್ನಡ ಕೂಟ ಹಳೆಯದು. ಶಿಕಾಗೊಗೆ ಊರಿನಿಂದಲೇ ರೈಲಿದೆ. ಇಷ್ಟೆಲ್ಲ ಅನುಕೂಲಕ್ಕೆ ಬೆಲೆ ಬಾಡಿಗೆಯ ರೂಪದಲ್ಲಿ. ಈ ನಾಲ್ಕರಲ್ಲಿ ಅತಿ ದುಬಾರಿ ಇದೇ. ಪಕ್ಕದ ಇಪ್ಸಿಲ್ಯಾಂಟಿಯಲ್ಲಿ ಮನೆ ಹಿಡಿದು ಬಸ್ಸಿನಲ್ಲಿ ಬರುವವರು ಬಹಳ ಜನ. ಬಜೆಟ್ ಬಿಗಿಯಾಗಿದ್ದರೆ ನಾಚಿಕೆಪಡದೆ ಅದನ್ನೇ ಮಾಡಿ.

ಕಾಲೇಜ್ ಸ್ಟೇಷನ್‌ಗೆ ಬೆನ್ನಿಗಿರುವುದು ಬ್ರಯನ್ ಎಂಬ 84 ಸಾವಿರದ ಜೋಡಿ ಊರು. ಟೆಕ್ಸಸ್ ಎ ಅಂಡ್ ಎಂನ ವಿದ್ಯಾರ್ಥಿಗಳು ಸುಮಾರು 70 ಸಾವಿರ ಎಂದರೆ ಎರಡು ಊರನ್ನು ಸೇರಿಸಿದರೂ ಮೂವರಲ್ಲಿ ಒಬ್ಬ ವಿದ್ಯಾರ್ಥಿ. ಬಾಡಿಗೆ ಹಗುರ, ಹಿಮವಿಲ್ಲ. ಬದಲಿಗೆ ಬಿಸಿಲು, ಮತ್ತು ಅಂಗಡಿಯಿಂದ ಅಂಗಡಿಗೆ ಕಾರಿಲ್ಲದೆ ಹೋಗಲಾಗದ ಅಗಲ ರಸ್ತೆಗಳು. ಹ್ಯೂಸ್ಟನ್ ಒಂದೂವರೆ ಗಂಟೆ. ವಾರಾಂತ್ಯಕ್ಕೆ ಸರಿ, ದಿನಾ ಹೋಗಿಬರಲು ಆಗದು. ಅಥೆನ್ಸ್ ಕೂಡ ಅಟ್ಲಾಂಟಾದಿಂದ 70 ಮೈಲಿ. ಅಟ್ಲಾಂಟಾದ ಈಶಾನ್ಯದ ಉಪನಗರಗಳು ದಾರಿಯಲ್ಲೇ ಸಿಗುವುದರಿಂದ ದಿನಸಿಗೆ, ದೇವಸ್ಥಾನಕ್ಕೆ, ನೃಪತುಂಗ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಅಷ್ಟು ದೂರ ಅನ್ನಿಸದು.

ಶಾಂಪೇನ್-ಅರ್ಬಾನಾ ಕಾರಿಲ್ಲದವರ ಊರು. ಬಸ್ಸಿನ ವ್ಯವಸ್ಥೆ ಅಮೆರಿಕದ ಸಣ್ಣ ಊರುಗಳಲ್ಲೇ ಹೆಸರಾದದ್ದು, ಶಿಕಾಗೊಗೆ ರೈಲು ಇದೆ, ನಮ್ಮ ವಿದ್ಯಾರ್ಥಿಗಳು ಬೇಕಾದಷ್ಟು. ಸುತ್ತ ಮೆಕ್ಕೆಜೋಳದ ಹೊಲ ಬಿಟ್ಟು ಇನ್ನೇನೂ ಇಲ್ಲ ಎಂಬ ದೂರು ನಿಜ. ಅಲ್ಲಿ ಫುಟ್‌ಬಾಲ್ ಹುಚ್ಚು ಆ್ಯನ್ ಆರ್ಬರ್‌ನಷ್ಟಿಲ್ಲ ಎನ್ನುವುದೂ ನಿಜ. ಕೆಲವರಿಗೆ ಅದೇ ವರ.

ಟಸ್ಕಲೂಸಾ ಬಗ್ಗೆ ಒಂದೇ ಮಾತು: ಊರು ಲಕ್ಷ, ಸ್ಟೇಡಿಯಂ ಲಕ್ಷ, ಆಟದ ಅನುಭವವೇ ಮುಖ್ಯ ಎನ್ನುವವರಿಗೆ ಇದರ ಮುಂದೆ ನಿಲ್ಲುವ ಊರುಗಳು ಕಡಿಮೆ. ಓದಿಗಾಗಿ ಹೋಗುವವರು ಮಾತ್ರ ನಿಮ್ಮ ವಿಭಾಗ ಹೇಗಿದೆ ಎಂದು ಚೆನ್ನಾಗಿ ವಿಚಾರಿಸಿಯೇ ಹೋಗಬೇಕು.

ಎರಡು-ಮೂರು ಲಕ್ಷದ ರಾಜಧಾನಿಗಳು

ಯಾರೂ ಕೇಳದ, ಆದರೆ ನಾನು ಹೆಚ್ಚು ಶಿಫಾರಸು ಮಾಡುವ ಗಾತ್ರ ಇದು. ವಿಸ್ಕಾನ್ಸಿನ್‌ನ ಮ್ಯಾಡಿಸನ್ (2,69,840), ನೆಬ್ರಾಸ್ಕಾದ ಲಿಂಕನ್ (2,91,082), ಲೂಸಿಯಾನಾದ ಬ್ಯಾಟನ್ ರೂಜ್ (2,27,470). ಮೂರೂ ತಮ್ಮ ರಾಜ್ಯದ ರಾಜಧಾನಿಗಳು. ವಿಶ್ವವಿದ್ಯಾಲಯಕ್ಕೆ ರಜೆ ಬಂದರೂ ಸರ್ಕಾರಿ ಕಚೇರಿಗೆ ಬೇಸಿಗೆ ರಜೆ ಇಲ್ಲ, ಆಸ್ಪತ್ರೆಗಳಿಗೂ ಇಲ್ಲ. ಊರು ಜೂನ್‌ನಲ್ಲೂ ಊರಾಗಿಯೇ ಇರುತ್ತದೆ.

ಲಿಂಕನ್‌ನಲ್ಲಿ 1962ರಿಂದ ಒಂದು ಪಂದ್ಯಕ್ಕೂ ಟಿಕೆಟ್ ಉಳಿದಿಲ್ಲ ಎಂಬುದು ಅಲ್ಲಿನವರ ಹೆಮ್ಮೆ. ಸುಮಾರು 85 ಸಾವಿರ ಸೀಟಿನ ಆ ಸ್ಟೇಡಿಯಂ ತುಂಬಿದಾಗ ಅದು ಒಮಾಹಾ ಮತ್ತು ಲಿಂಕನ್ ನಂತರ ನೆಬ್ರಾಸ್ಕಾದ ಮೂರನೇ ದೊಡ್ಡ ಊರು. ಮೂರನೆಯ ಸ್ಥಾನದಲ್ಲಿರುವ ಬೆಲ್‌ವ್ಯೂನಲ್ಲಿ 64 ಸಾವಿರ ಜನ ಮಾತ್ರ. ಇಷ್ಟಿದ್ದೂ ವಿಶ್ವವಿದ್ಯಾಲಯದಲ್ಲಿ ಓದುವವರು ಸುಮಾರು 24 ಸಾವಿರ, ಅಂದರೆ ಊರಿನ ಹನ್ನೆರಡನೇ ಒಂದು ಪಾಲು. ಶನಿವಾರ ಅತಿ ದೊಡ್ಡದು, ಸೋಮವಾರ ಸಾಮಾನ್ಯ ಊರು. ಬಾಡಿಗೆಯೂ ಕೈಗೆಟಕುವಂಥದ್ದು.

ಮ್ಯಾಡಿಸನ್ ಎರಡು ಸರೋವರಗಳ ನಡುವಿನ ಊರು, ಚೆಂದಕ್ಕೆ ತಕ್ಕ ಬಾಡಿಗೆ. ಪಕ್ಕದ ವೆರೋನಾದಲ್ಲಿ ಎಪಿಕ್ ಎಂಬ ಆಸ್ಪತ್ರೆ ಸಾಫ್ಟ್‌ವೇರ್ ಕಂಪನಿಯ ದೊಡ್ಡ ಕ್ಯಾಂಪಸ್ ಇರುವುದರಿಂದ ಓದು ಮುಗಿಸಿ ಅಲ್ಲೇ ನೆಲೆಸಿದವರೂ ಸಿಗುತ್ತಾರೆ. ಆಗಸ್ಟ್ 14-15ರಂದು ಕ್ಯಾಂಪಸ್ ಸುತ್ತಲಿನ ಬಾಡಿಗೆ ಕರಾರುಗಳು ಒಟ್ಟಿಗೆ ಬದಲಾಗುತ್ತವೆ. ಬಿಟ್ಟು ಹೋಗುವವರು ಸೋಫಾ, ಮೇಜು, ಪಾತ್ರೆ ಎಲ್ಲ ಬೀದಿಗಿಡುತ್ತಾರೆ. ಹೊಸಬರು ಮನೆ ತುಂಬಿಸಿಕೊಳ್ಳುವುದು ಹಾಗೆಯೇ. ಹಾಸಿಗೆ ಮಾತ್ರ ಎತ್ತಿಕೊಳ್ಳಬೇಡಿ, ತಿಗಣೆ ಬರುತ್ತದೆ.

ರಾಜಧಾನಿಯಲ್ಲದಿದ್ದರೂ ಟೆನೆಸ್ಸಿಯ ನಾಕ್ಸ್‌ವಿಲ್ (1,90,740) ಇದೇ ಸಾಲಿಗೆ ಸೇರುತ್ತದೆ. 1,01,915 ಸೀಟಿನ ಸ್ಟೇಡಿಯಂ ನದಿಯ ದಡದಲ್ಲಿದೆ, ಅಭಿಮಾನಿಗಳು ದೋಣಿಗಳಲ್ಲಿ ಬಂದು ಲಂಗರು ಹಾಕುತ್ತಾರೆ. ವಿಜ್ಞಾನದವರಿಗೆ ಅದಕ್ಕಿಂತ ಮುಖ್ಯವಾದದ್ದು ಸುಮಾರು 25 ಮೈಲಿ ದೂರದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ. ಭೌತಶಾಸ್ತ್ರ, ಮೆಟೀರಿಯಲ್ಸ್, ಸೂಪರ್‌ಕಂಪ್ಯೂಟಿಂಗ್ ಓದುವವರು ಊರಿನ ಗಾತ್ರ ಮರೆತು ಇದನ್ನು ನೋಡಬೇಕು.

ಸ್ಟೇಡಿಯಂ ಕರಗಿಹೋಗುವ ನಗರಗಳು

ಒಹಾಯೊ ಸ್ಟೇಟ್ ಇರುವ ಕೊಲಂಬಸ್‌ನಲ್ಲಿ 9,05,748 ಜನ. ಅಳತೆ ಸಿಗಲಿ ಎಂದು ಹೇಳುವುದಾದರೆ 2011ರ ಗಣತಿಯ ಹುಬ್ಬಳ್ಳಿ-ಧಾರವಾಡಕ್ಕಿಂತ ಸ್ವಲ್ಪ ಕಡಿಮೆ. ಮೆಟ್ರೊ ಪ್ರದೇಶ ಸೇರಿದರೆ 21 ಲಕ್ಷ ದಾಟುತ್ತದೆ. ಒಹಾಯೊ ಸ್ಟೇಟ್‌ನ ವಿದ್ಯಾರ್ಥಿಗಳು ಸುಮಾರು 60 ಸಾವಿರ ಇದ್ದರೂ ನಗರದ ಲೆಕ್ಕದಲ್ಲಿ ಹದಿನೈದಕ್ಕೊಬ್ಬರು. 1,02,780 ಸೀಟಿನ ಸ್ಟೇಡಿಯಂ ತುಂಬಿದ ದಿನವೂ ಉಪನಗರಗಳಾದ ಡಬ್ಲಿನ್‌ನಲ್ಲೋ ಪೊವೆಲ್‌ನಲ್ಲೋ ಇರುವವರಿಗೆ ತರಕಾರಿ ತರಲು ತೊಂದರೆಯಿಲ್ಲ. ಬ್ಯಾಂಕು, ವಿಮೆ, ಮೇರಿಸ್‌ವಿಲ್‌ನ ಹೋಂಡಾ ಕಾರ್ಖಾನೆ ಎಂದು ಕೆಲಸಗಳೂ ಹಲವು ಬಗೆ. ಇಷ್ಟು ದೊಡ್ಡ ನಗರಕ್ಕೆ ಎನ್‌ಎಫ್‌ಎಲ್ ತಂಡ ಇಲ್ಲ. ಕಾಲೇಜ್ ತಂಡವೇ ನಗರದ ತಂಡ. ಹಾಗಾಗಿ ಹುಚ್ಚಿಗೇನೂ ಕೊರತೆಯಿಲ್ಲ.

ಟೆಕ್ಸಸ್‌ನ ಆಸ್ಟಿನ್ (9,61,855) ಇದೇ ಅಚ್ಚಿನದು, ಆದರೆ ಇನ್ನಷ್ಟು ದುಬಾರಿ, ಇನ್ನಷ್ಟು ಸಾಫ್ಟ್‌ವೇರ್, ಇನ್ನಷ್ಟು ಟ್ರಾಫಿಕ್. ಕನ್ನಡಿಗರ ಸಂಖ್ಯೆ ಕೇಳುವುದೇ ಬೇಡ. ಬೆಂಗಳೂರು ಬಿಟ್ಟು ಬೆಂಗಳೂರಿಗೇ ಬಂದೆ ಅನ್ನಿಸಿದರೆ ಅಚ್ಚರಿಪಡಬೇಡಿ.

ದೊಡ್ಡ ನಗರದ ಕಷ್ಟ ಬೇರೆ. ವಿದ್ಯಾರ್ಥಿಗಳ ಜಗತ್ತು ಹರಡಿಹೋಗುತ್ತದೆ. ಕ್ಯಾಂಪಸ್ ಬಳಿ ಬಾಡಿಗೆ ಹೆಚ್ಚು, ದೂರ ಹೋದರೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಕೆಲವು ಬೀದಿಗಳಲ್ಲಿ ರಾತ್ರಿ ಒಬ್ಬರೇ ನಡೆಯುವ ಮುನ್ನ ಯೋಚಿಸಬೇಕು. ಜೊತೆಗಾರರು ತಾವಾಗಿ ಸಿಗುವುದಿಲ್ಲ, ಹುಡುಕಿಕೊಳ್ಳಬೇಕು.

ಯಾರಿಗೆ ಯಾವುದು

ಒಬ್ಬರೇ ಹೋಗುವ, ಫಂಡಿಂಗ್ ಇರುವ ಪಿಎಚ್‌ಡಿಯವರು ಪುಟ್ಟ ಊರಿಗೆ ಹೆದರಬೇಕಿಲ್ಲ. ಸ್ಟೈಪೆಂಡ್ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಆಸ್ಟಿನ್‌ಗಿಂತ ವೆಸ್ಟ್ ಲಫಾಯೆಟ್‌ನಲ್ಲಿ ಅದು ಹೆಚ್ಚು ದಿನ ಬಾಳುತ್ತದೆ. ಸ್ವಂತ ಖರ್ಚಿನ ಎರಡು ವರ್ಷದ ಎಂಎಸ್‌ನವರ ಲೆಕ್ಕ ಬೇರೆ. ಸಾಲದ ಮೊತ್ತ ದೊಡ್ಡದಿದ್ದರೆ ಬಾಡಿಗೆ ಕಡಿಮೆ ಇರುವ, ಕಂಪನಿಗಳು ಬರುವ ಊರು. ಸಾಲ ತೊಂದರೆಯಿಲ್ಲ, ಸಂಪರ್ಕ ಬೇಕು ಎಂದರೆ ಕೊಲಂಬಸ್ ಅಥವಾ ಆ್ಯನ್ ಆರ್ಬರ್.

ಹೆಂಡತಿಯನ್ನೋ ಗಂಡನನ್ನೋ ಕರೆದುಕೊಂಡು ಹೋಗುವವರಿಗೆ ನಾನು ಖಡಾಖಂಡಿತವಾಗಿ ಹೇಳುವುದು: ಮೆಟ್ರೊ ಪ್ರದೇಶ ಐದು ಲಕ್ಷ ದಾಟಿರಲಿ. ಜೊತೆಗೆ ಬರುವ ಗಂಡ-ಹೆಂಡತಿಗೆ ಸಿಗುವ ಎಫ್-2 ವೀಸಾದಲ್ಲಿ ದುಡಿಯುವಂತಿಲ್ಲ. ಕಾರೂ ಇಲ್ಲ, ಹಿಮ ಬೇರೆ, ನೀವು ಬೆಳಿಗ್ಗೆ ಎಂಟಕ್ಕೆ ಲ್ಯಾಬಿಗೆ ಹೋದರೆ ಬರುವುದು ರಾತ್ರಿ. ಸ್ಟೇಟ್ ಕಾಲೇಜ್ ನಿಮಗೆ ಸ್ವರ್ಗವಾದಾಗಲೂ ಮನೆಯಲ್ಲಿರುವವರಿಗೆ ನಾಲ್ಕು ಗೋಡೆ. ಕೊಲಂಬಸ್, ಮ್ಯಾಡಿಸನ್, ನಾಕ್ಸ್‌ವಿಲ್ ಈ ಗೆರೆ ದಾಟುತ್ತವೆ. ಗ್ರೀನ್‌ವಿಲ್ ಕಡೆ ಮನೆ ಮಾಡಿ ಕಾರಿನಲ್ಲಿ ಓಡಾಡುವುದಾದರೆ ಕ್ಲೆಮ್ಸನ್ ಕೂಡ. ಆ್ಯನ್ ಆರ್ಬರ್‌ನ ಮೆಟ್ರೊ ಅಂಕಿ 3.7 ಲಕ್ಷ ಮಾತ್ರ, ಆದರೆ ಡೆಟ್ರಾಯಿಟ್ ಮಗ್ಗುಲಲ್ಲೇ ಇರುವುದರಿಂದ ಅದಕ್ಕೆ ವಿನಾಯಿತಿ.

ಬರೀ ಒಂದು ಪಂದ್ಯ ನೋಡಬೇಕೆಂದು ಹೋಗುವವರಿಗೆ ಲೆಕ್ಕ ತಿರುವುಮುರುವು. ಪುಟ್ಟ ಊರಿನಲ್ಲೇ ಮಜಾ, ಆದರೆ ಅಲ್ಲಿ ಹೋಟೆಲು ಸಿಗುವುದಿಲ್ಲ. ಸಿಕ್ಕರೆ ಎರಡು-ಮೂರು ಪಟ್ಟು ಬೆಲೆ, ಕನಿಷ್ಠ ಎರಡು ರಾತ್ರಿ ಎಂಬ ಷರತ್ತು ಬೇರೆ. ದೊಡ್ಡ ನಗರದಲ್ಲಿ ಉಳಿದು ಬೆಳಿಗ್ಗೆ ಹೋಗಿ ಸಂಜೆ ಬರುವ ಜೋಡಿಗಳು ಒಳ್ಳೆಯವು: ಡೆಟ್ರಾಯಿಟ್‌ನಿಂದ ಆ್ಯನ್ ಆರ್ಬರ್, ಅಟ್ಲಾಂಟಾದಿಂದ ಅಥೆನ್ಸ್, ಒಮಾಹಾದಿಂದ ಲಿಂಕನ್. ಶಿಕಾಗೊದಿಂದ ಸೌತ್ ಬೆಂಡ್‌ಗೆ ಸೌತ್ ಶೋರ್ ರೈಲಿದೆ, ಕುಡಿದು ಕಾರು ಓಡಿಸುವವರ ನಡುವೆ ಹೆದ್ದಾರಿಯಲ್ಲಿ ಬರುವುದು ತಪ್ಪುತ್ತದೆ.

ಅಪ್ಪ-ಅಮ್ಮ ಬರುವವರಿದ್ದರೆ ಟಿಕೆಟ್ ಕೊಳ್ಳುವ ಮೊದಲು ತಂಡದ ವೇಳಾಪಟ್ಟಿ ತೆರೆದಿಟ್ಟುಕೊಳ್ಳಿ. ತವರು ಪಂದ್ಯದ ವಾರಾಂತ್ಯ, ಅದರಲ್ಲೂ ಹಳೆಯ ವಿದ್ಯಾರ್ಥಿಗಳು ಊರಿಗೆ ಮರಳುವ ಹೋಮ್‌ಕಮಿಂಗ್ ಬೇಡ. ತಂಡ ಬೇರೆ ಊರಿಗೆ ಹೋದ ವಾರ ಅಥವಾ ಪಂದ್ಯವೇ ಇಲ್ಲದ ವಾರ ಆರಿಸಿದರೆ ಹೋಟೆಲು ಮಾಮೂಲಿ ಬೆಲೆಗೆ ಸಿಗುತ್ತದೆ. ಮೇ ತಿಂಗಳ ಪದವಿ ಪ್ರದಾನಕ್ಕೆ ಕರೆಸುವುದಾದರೆ ಈ ಉಪಾಯ ನಡೆಯದು. ಆ ವಾರಾಂತ್ಯ ಪುಟ್ಟ ಊರುಗಳಲ್ಲಿ ಪಂದ್ಯದ ದಿನದಷ್ಟೇ ಬಿಗಿ, ಹಿಂದಿನ ವರ್ಷದ ಬೇಸಿಗೆಯಲ್ಲೇ ಕೊಠಡಿ ಕಾದಿರಿಸಬೇಕು.